ಯುದ್ಧ ಅಲ್ಲಿ, ಕರೆಂಟ್ ಹೋಗೋದು ಇಲ್ಲಿ

ವೀಕ್ಷಕರೇ, ಒಬ್ಬ ಹುಡುಗನಿಗೆ ನಾನು ಒಂದು ಉತ್ತರ ಬಾಕಿ ಉಳಿಸಿಕೊಂಡಿದ್ದೇನೆ. ಇವತ್ತು ಆ ಬಾಕಿ ತೀರಿಸಬೇಕು.

2025ರ ಮೇ ತಿಂಗಳ ಕೊನೆ. ಭಾರತ–ಪಾಕಿಸ್ತಾನದ ನಡುವೆ ಗುಂಡಿನ ಸದ್ದು ನಿಂತು ಎರಡು ವಾರ ಆಗಿತ್ತು. ದೊಡ್ಡಬಳ್ಳಾಪುರದ ಹತ್ತಿರ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಮಾತಾಡೋಕೆ ಕರೆದಿದ್ದರು. ನಾನೂ ಇಂಜಿನಿಯರಿಂಗ್ ಓದಿದವನೇ, ಹಾಗಾಗಿ ಇಂಥ ಕಡೆ ಹೋಗೋಕೆ ಖುಷಿ. ಭಾಷಣ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸರ್, ಯುದ್ಧದ ಟೈಮಲ್ಲಿ ನಾವು ಹಾಸ್ಟೆಲ್ ರೂಮಲ್ಲಿ ಕೂತು ಅವರ ವೆಬ್‌ಸೈಟ್ ಬೀಳಿಸಿದ್ರೆ, ಅವರ ಕರೆಂಟ್ ತೆಗೆದ್ರೆ, ಅದು ತಪ್ಪಾ? ಸೈನಿಕ ಗಡಿಯಲ್ಲಿ ಮಾಡೋದನ್ನ ನಾವು ಇಲ್ಲಿ ಮಾಡ್ದಂಗೆ ಅಲ್ವಾ?"

ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನು ನಕ್ಕೆ. "ದೇಶಭಕ್ತಿ ಇರಲಿ, ಕಾನೂನೂ ನೆನಪಿರಲಿ" ಅಂತ ಏನೋ ಒಂದು ಹೇಳಿ ಕೆಳಗಿಳಿದೆ. ಅದು ಉತ್ತರ ಆಗಿರಲಿಲ್ಲ, ತಪ್ಪಿಸಿಕೊಂಡಿದ್ದು. ಆ ಹುಡುಗ ಕೇಳಿದ ಪ್ರಶ್ನೆಯನ್ನೇ ಇವತ್ತು ದೊಡ್ಡ ದೊಡ್ಡ ದೇಶಗಳೂ ತಮಗೆ ತಾವೇ ಕೇಳಿಕೊಳ್ಳುತ್ತಿವೆ. ಕಂಪ್ಯೂಟರ್ ಮೂಲಕ ಮಾಡೋ ಯುದ್ಧಕ್ಕೂ ನ್ಯಾಯ–ಅನ್ಯಾಯ ಅಂತ ಇದೆಯಾ?

ಇದೆ. ಯಾಕೆ ಇದೆ, ಯಾಕೆ ಇರಲೇಬೇಕು ಅನ್ನೋದನ್ನ ನಮ್ಮ ಊರಿನಿಂದಲೇ ಶುರು ಮಾಡೋಣ.

ದೊಡ್ಡಬಳ್ಳಾಪುರ ಅಂದ್ರೆ ಮಗ್ಗ. ಮಗ್ಗ ಅಂದ್ರೆ ಕರೆಂಟ್. ಪವರ್‌ಲೂಮ್ ಓಡೋ ಬೀದಿಯಲ್ಲಿ ನಿಂತರೆ ಪಕ್ಕದವರ ಮಾತು ಕೇಳಿಸಲ್ಲ, ಅಷ್ಟು ಸದ್ದು. ಕರೆಂಟ್ ಹೋದರೆ ಇಡೀ ಬೀದಿ ಒಂದೇ ಸಲ ಮೌನ. ಮಗ್ಗ ನಿಂತಷ್ಟು ಹೊತ್ತು ಕೂಲಿಯೂ ನಿಂತಂಗೆ. ಸೀರೆ ಲೆಕ್ಕದಲ್ಲಿ ದುಡ್ಡು ತಗೊಳ್ಳೋ ನೇಕಾರನಿಗೆ ಕರೆಂಟ್ ಯಾಕೆ ಹೋಯ್ತು, ಮಳೆಗೋ, ಲೋಡ್ ಶೆಡ್ಡಿಂಗ್‌ಗೋ, ಶತ್ರು ದೇಶದ ಹ್ಯಾಕರ್‌ನಿಂದಲೋ ಅನ್ನೋದು ಮುಖ್ಯ ಅಲ್ಲ. ಆ ದಿನದ ಸೀರೆ ಇಳಿಯಲಿಲ್ಲ, ಅಷ್ಟೇ.

ಈಗ ಆ ಕರೆಂಟ್ ಎಲ್ಲಿಂದ ಬರುತ್ತೆ ನೋಡಿ. ವಿದ್ಯುತ್ತನ್ನು ಗೋದಾಮಿನಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯೋ ಹಾಗೆ ನಮ್ಮ ಜಾಲ ನಡೆಯಲ್ಲ. ಎಷ್ಟು ಖರ್ಚಾಗುತ್ತೋ ಹೆಚ್ಚುಕಮ್ಮಿ ಅಷ್ಟನ್ನೇ ಆ ಕ್ಷಣ ಉತ್ಪಾದಿಸಬೇಕು. ಈ ತಕ್ಕಡಿ ಸರಿಯಾಗಿದೆಯಾ ಅಂತ ತೋರಿಸೋದು ಫ್ರೀಕ್ವೆನ್ಸಿ, ಅದು 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ಇದನ್ನು ಹಗಲು ರಾತ್ರಿ ಕಾಯೋದು ಲೋಡ್ ಡಿಸ್ಪ್ಯಾಚ್ ಸೆಂಟರ್‌ಗಳು. ದಕ್ಷಿಣ ಭಾರತಕ್ಕೆಲ್ಲ ಸೇರಿ ಇರುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅಲ್ಲಿನ ಪರದೆಗಳಿಗೆ ಸಾವಿರಾರು ಕಡೆಯಿಂದ ಮಾಹಿತಿ ಬರುತ್ತೆ, ಅಲ್ಲಿಂದ ಸೂಚನೆ ಹೋಗುತ್ತೆ. ಎಲ್ಲ ಕಂಪ್ಯೂಟರ್, ಎಲ್ಲ ನೆಟ್‌ವರ್ಕ್.

2012ರ ಜುಲೈ 30 ಮತ್ತು 31ರಂದು ಉತ್ತರ ಮತ್ತು ಪೂರ್ವ ಭಾರತದಲ್ಲಿ ಜಾಲವೇ ಕುಸಿಯಿತು. ಸುಮಾರು 60 ಕೋಟಿ ಜನ ಇರುವ ಪ್ರದೇಶ ಕತ್ತಲಾಯಿತು. ಅದು ಸೈಬರ್ ದಾಳಿ ಅಲ್ಲ, ವ್ಯವಸ್ಥೆಯ ವೈಫಲ್ಯ. ನಮಗೆ ಆಗ ಏನೂ ಆಗಲಿಲ್ಲ. ಕಾರಣ, ದಕ್ಷಿಣದ ಜಾಲ ಆಗಿನ್ನೂ ಉತ್ತರದ ಜೊತೆ ಒಂದೇ ತಾಳದಲ್ಲಿ ಸೇರಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆಯಿತು, ಇಡೀ ದೇಶ ಒಂದೇ ಜಾಲ ಆಯಿತು. ಅದರಿಂದ ಲಾಭ ಬಹಳ. ಆದರೆ ಒಂದು ಮೂಲೆಯಲ್ಲಿ ಯಾರಾದರೂ ಬೇಕಂತಲೇ ಕೈ ಹಾಕಿದರೆ ಅದರ ಅಲೆ ಎಲ್ಲಿಯವರೆಗೂ ಬರಬಹುದು ಅನ್ನೋದೂ ಬದಲಾಯಿತು.

ಕೈ ಹಾಕಿದ್ದಾರಾ? 2021ರ ಫೆಬ್ರವರಿ ಕೊನೆಯಲ್ಲಿ ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಅನ್ನೋ ಸಂಸ್ಥೆ ಒಂದು ವರದಿ ಕೊಟ್ಟಿತು. ಚೀನಾ ಜೊತೆ ನಂಟಿರುವ ಗುಂಪೊಂದು ಭಾರತದ 10 ವಿದ್ಯುತ್ ಸಂಸ್ಥೆಗಳನ್ನು ಗುರಿ ಮಾಡಿಕೊಂಡಿದೆ ಅಂತ. ದೇಶದ 5 ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಸೆಂಟರ್‌ಗಳಲ್ಲಿ 4 ಆ ಪಟ್ಟಿಯಲ್ಲಿದ್ದವು, ನಮ್ಮ ದಕ್ಷಿಣದ ಕೇಂದ್ರವೂ ಸೇರಿ. ವಿಜಯಪುರ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದ ಹೆಸರೂ ಇತ್ತು. ನಮ್ಮ ವಿದ್ಯುತ್ ಸಚಿವಾಲಯ, ಕೆಲಸಕ್ಕೆ ಏನೂ ಧಕ್ಕೆ ಆಗಿಲ್ಲ, ಮಾಹಿತಿ ಸೋರಿಲ್ಲ ಅಂತ ಹೇಳಿತು. ಚೀನಾ ಆರೋಪವನ್ನೇ ತಳ್ಳಿಹಾಕಿತು. ಗಲ್ವಾನ್ ಸಂಘರ್ಷದ ನಂತರದ ತಿಂಗಳುಗಳವು ಅನ್ನೋದನ್ನ ಮರೀಬೇಡಿ.

ಧಕ್ಕೆ ಆಗಿಲ್ಲ ಅಂದಮೇಲೆ ಚಿಂತೆ ಯಾಕೆ ಅಂತೀರಾ? ಒಬ್ಬ ನಿಮ್ಮ ಮನೆ ಬೀಗಕ್ಕೆ ಕಳ್ಳ ಕೀ ಮಾಡಿಟ್ಟುಕೊಂಡು ಸುಮ್ಮನೆ ಹೋದ ಅಂದ್ಕೊಳ್ಳಿ. ಕಳ್ಳತನ ಆಗಿಲ್ಲ, ಸರಿ. ಆದರೆ ಇನ್ನು ಮೇಲೆ ನೀವು ಮೊದಲಿನ ಹಾಗೆ ನಿದ್ದೆ ಮಾಡ್ತೀರಾ?

ಆ ಕೀಯನ್ನು ನಿಜವಾಗಿ ತಿರುಗಿಸಿದರೆ ಏನಾಗುತ್ತೆ ಅಂತ ಉಕ್ರೇನ್ ನೋಡಿದೆ. 2015ರ ಡಿಸೆಂಬರ್ 23, ಚಳಿಗಾಲ. ವಿದ್ಯುತ್ ಕಂಪನಿಯ ಆಪರೇಟರ್ ಕಣ್ಣೆದುರೇ ಮೌಸ್‌ನ ಬಾಣ ತನ್ನಷ್ಟಕ್ಕೆ ತಾನೇ ಓಡಾಡಿತು, ಬ್ರೇಕರ್‌ಗಳನ್ನು ಒಂದೊಂದಾಗಿ ಆಫ್ ಮಾಡಿತು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಜನ ದೂರು ಕೊಡೋಕೆ ಫೋನ್ ಮಾಡಿದರೆ ಲೈನ್ ಸಿಗಲಿಲ್ಲ, ಸುಳ್ಳು ಕರೆಗಳನ್ನು ತುಂಬಿ ಕಾಲ್ ಸೆಂಟರನ್ನೂ ಮುಚ್ಚಿಸಿದ್ದರು. ಕೊನೆಗೆ ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಓಡಿ ಕೈಯಿಂದ ಸ್ವಿಚ್ ಹಾಕಿದರು. ಕೆಲವು ಗಂಟೆಗಳಲ್ಲಿ ಕರೆಂಟ್ ಬಂತು. ಕೈಯಿಂದ ಹಾಕೋ ಸ್ವಿಚ್ ಇತ್ತು, ಬಚಾವಾದರು.

ಈಗ ನ್ಯಾಯದ ಮಾತಿಗೆ ಬರೋಣ. ನಮ್ಮ ದೇವನಹಳ್ಳಿ ಕೋಟೆ ನೋಡಿದ್ದೀರಲ್ಲ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಆ ಕಾಲದ ಯುದ್ಧದಲ್ಲೂ ರೈತನ ಬೆಳೆ ಹಾಳಾಗುತ್ತಿತ್ತು, ಅಮಾಯಕರು ಸಾಯುತ್ತಿದ್ದರು, ಅದನ್ನು ಬಣ್ಣ ಹಚ್ಚಿ ಹೇಳೋದು ಬೇಡ. ಆದರೆ ಕೋಟೆಗೆ ಒಂದು ಗೋಡೆ ಇತ್ತು. ಯಾರು ಹೊಡೆದಾಟಕ್ಕೆ ನಿಂತವರು, ಯಾರು ಅಲ್ಲ ಅಂತ ಕಣ್ಣಿಗೆ ಕಾಣುತ್ತಿತ್ತು. ಸೈಬರ್ ಯುದ್ಧದಲ್ಲಿ ಆ ಗೋಡೆಯೇ ಇಲ್ಲ. ಸೇನೆಯ ಸಂದೇಶವೂ ಅದೇ ಕೇಬಲ್‌ನಲ್ಲಿ ಹೋಗುತ್ತೆ, ನಿಮ್ಮ ಮಗಳ ಆನ್‌ಲೈನ್ ಕ್ಲಾಸೂ ಅದೇ ಕೇಬಲ್‌ನಲ್ಲಿ ಬರುತ್ತೆ.

ಯುದ್ಧಕ್ಕೆ ಜಗತ್ತು ಒಪ್ಪಿಕೊಂಡ ಕೆಲವು ನಿಯಮಗಳಿವೆ. 1949ರ ಜಿನೀವಾ ಒಪ್ಪಂದಗಳ ಹೆಸರು ಕೇಳಿದ್ದೀರಿ. ಅವುಗಳ ಜೊತೆ ಬೆಳೆದು ಬಂದ ನಿಯಮಗಳನ್ನೆಲ್ಲ ಸೇರಿಸಿ ಮನೆ ಭಾಷೆಯಲ್ಲಿ ಹೇಳಿದರೆ ಮೂರೇ ಮಾತು. ಒಂದು, ಹೊಡೆಯೋದಿದ್ದರೆ ಸೈನ್ಯಕ್ಕೆ ಹೊಡಿ, ಸಾಮಾನ್ಯ ಜನರಿಗಲ್ಲ. ಎರಡು, ಸೈನ್ಯಕ್ಕೆ ಹೊಡೆಯುವಾಗಲೂ ಪಕ್ಕದ ಜನಕ್ಕೆ ಆಗೋ ಹಾನಿ ನಿನಗೆ ಸಿಗೋ ಲಾಭಕ್ಕಿಂತ ಅತಿಯಾಗಬಾರದು. ಮೂರು, ಹೊಡೆಯೋ ಮೊದಲು ಎಚ್ಚರಿಕೆ ತಗೋ, ಯಾರಿಗೆ ತಾಗುತ್ತೆ ಅಂತ ನೋಡು.

ನೆಲಮಂಗಲದಲ್ಲಿ 400 ಕೆವಿ ವಿದ್ಯುತ್ ಸ್ಟೇಷನ್ ಇದೆ. ಇಂಥ ಸ್ಟೇಷನ್ ಸೈನಿಕ ಗುರಿಯೋ, ನಾಗರಿಕ ಗುರಿಯೋ? ಇಂಥ ಕಡೆಯಿಂದ ಹೋಗೋ ಕರೆಂಟಿನಲ್ಲಿ ಒಂದು ಪಾಲು ರಕ್ಷಣಾ ಕಾರ್ಖಾನೆಗೆ ಹೋಗಬಹುದು. ಅದೇ ಕರೆಂಟಿನಲ್ಲಿ ಆಸ್ಪತ್ರೆಯ ವೆಂಟಿಲೇಟರ್, ಬೋರ್‌ವೆಲ್ ಮೋಟಾರು, ಮಗ್ಗ ಎಲ್ಲವೂ ಓಡುತ್ತೆ. ದಾಳಿ ಮಾಡಿದವನು "ನಾನು ಕಾರ್ಖಾನೆಗೆ ಹೊಡೆದೆ" ಅಂತಾನೆ. ಸತ್ತವನು ಐಸಿಯುನಲ್ಲಿದ್ದ. ಬಾಂಬ್ ಹಾಕಿದರೆ ಎಷ್ಟು ಮೀಟರ್ ಸುತ್ತ ಹಾನಿ ಅಂತ ಲೆಕ್ಕ ಹಾಕಬಹುದು. ಮಾಲ್‌ವೇರ್ ಬಿಟ್ಟರೆ ಅದು ಎಲ್ಲಿ ನಿಲ್ಲುತ್ತೆ ಅಂತ ಬಿಟ್ಟವನಿಗೇ ಗೊತ್ತಿರಲ್ಲ.

ಇಲ್ಲಿ ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಸೈಬರ್ ಅಸ್ತ್ರ ಬಾಂಬಿಗಿಂತ ಎಷ್ಟೋ ವಾಸಿ ಅಲ್ವಾ ಅನ್ನೋರು ಇದ್ದಾರೆ. ಅವರ ಕೈಯಲ್ಲಿ ಒಳ್ಳೆ ಉದಾಹರಣೆಯೇ ಇದೆ, ಸ್ಟಕ್ಸ್‌ನೆಟ್. ಇರಾನ್‌ನ ನತಾಂಜ್‌ನಲ್ಲಿ ಯುರೇನಿಯಂ ಸಂವರ್ಧಿಸೋ ಸೆಂಟ್ರಿಫ್ಯೂಜ್‌ಗಳನ್ನು ಹಾಳು ಮಾಡೋಕೆ ಹೆಣೆದಿದ್ದ ವೈರಸ್. 2010ರಲ್ಲಿ ಬಯಲಾಯಿತು. ಯಂತ್ರದ ವೇಗವನ್ನು ಏರುಪೇರು ಮಾಡೋದು, ಪರದೆ ಮೇಲೆ ಮಾತ್ರ ಎಲ್ಲ ಸರಿಯಾಗಿದೆ ಅಂತ ತೋರಿಸೋದು. ಸುಮಾರು ಸಾವಿರ ಯಂತ್ರ ಕೆಟ್ಟವು ಅನ್ನೋ ಅಂದಾಜಿದೆ. ಯಂತ್ರ ಕೆಟ್ಟಿತು, ಮನುಷ್ಯರು ಸಾಯಲಿಲ್ಲ. 2025ರ ಜೂನ್‌ನಲ್ಲಿ ಅದೇ ನತಾಂಜ್ ಮೇಲೆ ನಿಜವಾದ ಬಾಂಬುಗಳೇ ಬಿದ್ದವು. ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ, ವೈರಸ್ಸೇ ಮೇಲು ಅಂತ ನಾನೂ ಹೇಳ್ತೀನಿ. ಈ ವಾದದಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ವೈರಸ್ ನತಾಂಜ್‌ನ ಗೋಡೆ ದಾಟಿ ಊರೂರು ಸುತ್ತಿತು. ಸೋಂಕು ತಗುಲಿದ ಕಂಪ್ಯೂಟರ್‌ಗಳ ಲೆಕ್ಕ ಹಾಕಿದಾಗ ಮೊದಲನೆಯದು ಇರಾನ್, ಎರಡನೆಯದು ಇಂಡೋನೇಷ್ಯಾ, ಮೂರನೆಯದು ಭಾರತ! ಆ ಜಗಳದಲ್ಲಿ ನಮಗೇನು ಕೆಲಸ? ನಮ್ಮನ್ನು ಯಾರೂ ಕೇಳಲೂ ಇಲ್ಲ, ಹೇಳಲೂ ಇಲ್ಲ. ನಿರ್ದಿಷ್ಟ ಯಂತ್ರ ಸಿಕ್ಕರೆ ಮಾತ್ರ ಕೆಲಸ ಮಾಡೋ ಹಾಗೆ ಅದನ್ನು ಹೆಣೆದಿದ್ದರು, ಹಾಗಾಗಿ ಇಲ್ಲಿ ಅನಾಹುತ ಆಗಲಿಲ್ಲ. ಅಷ್ಟರಮಟ್ಟಿಗೆ ಮೂರನೆಯ ನಿಯಮ, ಎಚ್ಚರಿಕೆಯ ನಿಯಮ, ಅವರ ತಲೆಯಲ್ಲಿತ್ತು ಅನ್ನಿ.

ಆ ಎಚ್ಚರಿಕೆ ಇಲ್ಲದೆ ಬಿಟ್ಟಿದ್ದು ನಾಟ್‌ಪೆಟ್ಯಾ. 2017ರ ಜೂನ್ 27. ಉಕ್ರೇನ್‌ನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸೋ ಒಂದು ಸಾಫ್ಟ್‌ವೇರಿನ ಅಪ್‌ಡೇಟ್ ಒಳಗೆ ಸೇರಿಸಿ ಬಿಟ್ಟಿದ್ದರು. ಇದನ್ನು ಮಾಡಿದ್ದು ರಷ್ಯಾದ ಸೇನೆ ಅಂತ ಅಮೆರಿಕ, ಬ್ರಿಟನ್ ಮುಂದಿನ ವರ್ಷ ಆರೋಪ ಮಾಡಿದವು, ರಷ್ಯಾ ಒಪ್ಪಲಿಲ್ಲ. ಗುರಿ ಉಕ್ರೇನ್. ಏಟು ಬಿದ್ದಿದ್ದು ಜಗತ್ತಿಗೆ. ಹಡಗು ಕಂಪನಿ ಮೇರ್ಸ್ಕ್ 45,000 ಕಂಪ್ಯೂಟರ್‌ಗಳನ್ನು ಮತ್ತೆ ಮೊದಲಿಂದ ಸಜ್ಜು ಮಾಡಬೇಕಾಯಿತು. ನಮ್ಮ ಮುಂಬೈ ಪಕ್ಕದ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹ ನಡೆಸುವ ಟರ್ಮಿನಲ್‌ನ ಕೆಲಸ ನಿಂತುಹೋಯಿತು, ಕಂಟೇನರ್ ಲಾರಿಗಳು ಸಾಲುಗಟ್ಟಿದವು. ಯುದ್ಧ ಎಲ್ಲಿ, ಲಾರಿ ನಿಂತಿದ್ದು ಎಲ್ಲಿ!

ಇದಕ್ಕೂ ಒಂದೂವರೆ ತಿಂಗಳ ಮೊದಲು ವಾನ್ನಾಕ್ರೈ ಬಂದಿತ್ತು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಅದು ಒಳ ನುಗ್ಗಿದ್ದು ವಿಂಡೋಸ್‌ನ ಒಂದು ತೂತಿನಿಂದ. ಆ ತೂತು ಅಮೆರಿಕದ ಗೂಢಚಾರ ಸಂಸ್ಥೆಗೆ ಮೊದಲೇ ಗೊತ್ತಿತ್ತು. ಶತ್ರುವಿನ ಮೇಲೆ ಬಳಸೋಣ ಅಂತ ಮುಚ್ಚಿಟ್ಟುಕೊಂಡಿದ್ದರು, ಅದು ಅವರ ಕೈಯಿಂದಲೇ ಸೋರಿತು. ಊರ ಕೆರೆ ಏರಿಯಲ್ಲಿ ಬಿರುಕು ಬಿಟ್ಟಿರೋದು ಗೊತ್ತಿದ್ದೂ, ಪಕ್ಕದ ಊರಿನವರ ಮೇಲೆ ನೀರು ಬಿಡೋಕೆ ಬರುತ್ತೆ ಅಂತ ಸುಮ್ಮನಿದ್ದರೆ ಹೇಗೆ? ಏರಿ ಒಡೆದಾಗ ನೀರು ಊರು ನೋಡಿ ಹರಿಯುತ್ತಾ?

ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. ಹೊಡೆದವನು ಯಾರು?

2020ರ ಅಕ್ಟೋಬರ್ 12ರಂದು ಮುಂಬೈಗೆ ಕರೆಂಟ್ ಹೋಯಿತು, ಲೋಕಲ್ ರೈಲುಗಳು ನಿಂತವು. ಇದರ ಹಿಂದೆ ಸೈಬರ್ ಕೈವಾಡ ಇದೆ ಅಂತ ಮಹಾರಾಷ್ಟ್ರದ ಗೃಹ ಸಚಿವರು ಹೇಳಿದರು. ಅಲ್ಲ, ಅದು ಮನುಷ್ಯರ ತಪ್ಪಿನಿಂದ ಆಗಿದ್ದು ಅಂತ ಕೇಂದ್ರದ ವಿದ್ಯುತ್ ಸಚಿವರು ಹೇಳಿದರು. ವರದಿ ಕೊಟ್ಟ ರೆಕಾರ್ಡೆಡ್ ಫ್ಯೂಚರ್ ಕೂಡ, ಎರಡಕ್ಕೂ ಸಂಬಂಧ ಸಾಬೀತಾಗಿಲ್ಲ ಅಂದಿತ್ತು. ಒಂದೇ ದೇಶದ ಇಬ್ಬರು ಸಚಿವರಿಗೆ ಒಮ್ಮತ ಇಲ್ಲ ಅಂದಮೇಲೆ ಸೇಡು ಯಾರ ಮೇಲೆ ತೀರಿಸೋದು? 2018ರಲ್ಲಿ ದಕ್ಷಿಣ ಕೊರಿಯಾದ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ದಿನ ಕಂಪ್ಯೂಟರ್‌ಗಳು ಮಲಗಿದವು. ಒಳಗಿದ್ದ ಕುರುಹು ನೋಡಿದರೆ ಉತ್ತರ ಕೊರಿಯಾ ಕಡೆ ಬೊಟ್ಟು ಮಾಡುತ್ತಿತ್ತು. ಆಮೇಲೆ ತಜ್ಞರು ಬಿಡಿಸಿ ನೋಡಿದರೆ, ಆ ಕುರುಹನ್ನು ಬೇಕಂತಲೇ ನೆಟ್ಟಿದ್ದರು. ಅಮೆರಿಕ ಕೊನೆಗೆ ಮೊಕದ್ದಮೆ ಹೂಡಿದ್ದು ರಷ್ಯಾದ ಸೇನಾ ಗುಪ್ತಚರ ಅಧಿಕಾರಿಗಳ ಮೇಲೆ. ಮೊದಲ ದಿನದ ಕೋಪದಲ್ಲಿ ತಿರುಗೇಟು ಕೊಟ್ಟಿದ್ದರೆ?

ಈಗ ನಮ್ಮ ಕಡೆಗೇ ಬೆರಳು ತಿರುಗಿಸಬೇಕು. 2025ರ ಮೇ ಎರಡನೇ ವಾರ, ಭಾರತದ ವಿದ್ಯುತ್ ಜಾಲದ ಶೇ. 70ರಷ್ಟನ್ನು ಪಾಕಿಸ್ತಾನ ಸೈಬರ್ ದಾಳಿಯಿಂದ ಕೆಡಿಸಿದೆ ಅನ್ನೋ ಸುದ್ದಿ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಾಡಿತು. ಅದು ಶುದ್ಧ ಸುಳ್ಳು, ಪಿಐಬಿ ಫ್ಯಾಕ್ಟ್‌ಚೆಕ್ ಹಾಗಂತ ಸ್ಪಷ್ಟವಾಗಿ ಹೇಳಿತು. ದಾಳಿ ಮಾಡದೆಯೇ ದಾಳಿಯ ಫಲ ಪಡೆಯೋದು ಅಂದ್ರೆ ಇದು. ನಾವು ಟಿವಿಯವರು ಆ ದಿನಗಳಲ್ಲಿ ಏನು ಮಾಡುತ್ತಿದ್ದೆವು? ದೇಶದ ಹಲವು ಚಾನೆಲ್‌ಗಳಲ್ಲಿ ಬೀಳದ ಊರುಗಳು ಬಿದ್ದವು, ಸುಡದ ಬಂದರುಗಳು ಸುಟ್ಟವು. ಹಿನ್ನೆಲೆಯಲ್ಲಿ ಯುದ್ಧದ ಸೈರನ್ ಹಾಕಿಕೊಂಡು ಬುಲೆಟಿನ್ ಓದಿದವರಲ್ಲಿ ನಾನೂ ಒಬ್ಬ. ಕೊನೆಗೆ ಸರ್ಕಾರವೇ, ಸೈರನ್ ಶಬ್ದ ಬಳಸಬೇಡಿ, ಜನ ನಿಜವಾದ ಸೈರನ್ನನ್ನೂ ಮಾಮೂಲಿ ಅಂದ್ಕೋತಾರೆ ಅಂತ ಹೇಳಬೇಕಾಯಿತು. ಸೈಬರ್ ಯುದ್ಧದಲ್ಲಿ ಹೆದರಿದ ಮನಸ್ಸೂ ಒಂದು ಗುರಿ. ಆ ವಾರ ಆ ಗುರಿಗೆ ನಾನೂ ಕಲ್ಲು ಹೊಡೆದಿದ್ದೇನೆ. ಇದನ್ನು ಬರೆದು ಒಪ್ಪಿಕೊಳ್ಳೋದೇ ಸರಿ ಅನಿಸಿತು.

ಇನ್ನು ದೇವನಹಳ್ಳಿಯ ವಿಮಾನ ನಿಲ್ದಾಣ. 2024ರ ಜುಲೈ 19ರಂದು ಅಲ್ಲಿ ಚೆಕ್‌ಇನ್ ಕಂಪ್ಯೂಟರ್‌ಗಳು ಕೈಕೊಟ್ಟು, ಕೈಯಲ್ಲೇ ಕೆಲಸ ಮಾಡಬೇಕಾಗಿ ಬಂದಿದ್ದು ನೆನಪಿರಬಹುದು. ಅವತ್ತು ಯಾವ ಶತ್ರುವೂ ಇರಲಿಲ್ಲ. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟ್, ಜಗತ್ತಿನಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ತಪ್ಪಿನಿಂದ ಇಷ್ಟಾದರೆ, ಬೇಕಂತಲೇ ಮಾಡಿದರೆ ಎಷ್ಟು? 2025ರ ಡಿಸೆಂಬರ್‌ನಲ್ಲಿ ವಿಮಾನಯಾನ ಸಚಿವರು ರಾಜ್ಯಸಭೆಗೆ ಇನ್ನೊಂದು ವಿಷಯ ಹೇಳಿದರು. ವಿಮಾನಕ್ಕೆ "ನೀನು ಇಲ್ಲಿದ್ದೀಯ" ಅಂತ ಸುಳ್ಳು ಜಾಗ ತೋರಿಸೋ ಜಿಪಿಎಸ್ ಸ್ಪೂಫಿಂಗ್ ದೆಹಲಿಯಲ್ಲಿ ಆಗಿದೆ, ಜಿಪಿಎಸ್ ಅಡಚಣೆಯ ವರದಿ ಬಂದ ನಿಲ್ದಾಣಗಳಲ್ಲಿ ಬೆಂಗಳೂರೂ ಇದೆ ಅಂತ. ನೆಲದ ಮೇಲಿನ ಹಳೇ ಮಾದರಿಯ ದಾರಿ ತೋರಿಸೋ ಉಪಕರಣಗಳನ್ನು ನಾವು ಬಿಟ್ಟಿಲ್ಲ, ಅದು ಸಮಾಧಾನ. ಆದರೆ ಆ ವಿಮಾನದಲ್ಲಿ ಕೂತಿರೋರು ಸೈನಿಕರಲ್ಲ, ದುಬೈಯಿಂದ ಮಗಳ ಬಾಣಂತನಕ್ಕೆ ಅಂತ ಊರಿಗೆ ಬರುತ್ತಿರೋ ಅಮ್ಮಂದಿರು.

ಈಗ ಆ ಹುಡುಗನಿಗೆ ಉತ್ತರ.

ತಮ್ಮಾ, ನೀನು ಕೇಳಿದ್ದು ಒಳ್ಳೆ ಪ್ರಶ್ನೆ. ಅದು ತಪ್ಪೇ. ಯಾಕೆ ಅಂತ ಹೇಳ್ತೀನಿ ಕೇಳು. ಸೈನಿಕನ ಮೇಲೆ ಸಮವಸ್ತ್ರ ಇದೆ, ಮೇಲಧಿಕಾರಿ ಇದ್ದಾನೆ, ತಪ್ಪು ಮಾಡಿದರೆ ಕೋರ್ಟ್ ಮಾರ್ಷಲ್ ಇದೆ. ನಿನ್ನ ಹಾಸ್ಟೆಲ್ ರೂಮಲ್ಲಿ ಇದ್ಯಾವುದೂ ಇಲ್ಲ. ನೀನು ಬೀಳಿಸಿದ ಸರ್ವರ್‌ನಲ್ಲಿ ಆಸ್ಪತ್ರೆಯ ಲೆಕ್ಕವೂ ಇತ್ತಾ ಅಂತ ನಿನಗೆ ಗೊತ್ತಾಗಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ದಾಳಿ ಆದಾಗ ವಾರಗಟ್ಟಲೆ ರೋಗಿಗಳ ಚೀಟಿ ಕೈಯಲ್ಲಿ ಬರೆದರು. ಆಗ ನಮಗೆ ಎಷ್ಟು ಕೋಪ ಬಂತು? ಆಚೆ ಕಡೆಯ ರೋಗಿಗೂ ಅದೇ ನೋವು. ನಿನ್ನ ದಾಳಿಯನ್ನು ಅವರು ಭಾರತ ಸರ್ಕಾರದ ದಾಳಿ ಅಂದ್ಕೊಂಡು ತಿರುಗಿ ಹೊಡೆದರೆ, ಆ ಏಟು ನಿನ್ನ ಲ್ಯಾಪ್‌ಟಾಪಿಗೆ ಬೀಳಲ್ಲ, ನಿಮ್ಮೂರ ಮಗ್ಗಕ್ಕೆ ಬೀಳುತ್ತೆ. ನಮ್ಮ ಐಟಿ ಕಾಯ್ದೆಯ 66ನೇ ಕಲಂ ಇಂಥದ್ದಕ್ಕೆ ಮೂರು ವರ್ಷದವರೆಗೆ ಜೈಲು ಅನ್ನುತ್ತೆ. ಅದರಲ್ಲಿ ದೇಶಭಕ್ತಿಗೆ ಅಂತ ವಿನಾಯಿತಿ ಬರೆದಿಲ್ಲ.

ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿಯ ತಜ್ಞರು 2023ರಲ್ಲಿ ಯುದ್ಧಕ್ಕಿಳಿಯೋ ನಾಗರಿಕ ಹ್ಯಾಕರ್‌ಗಳಿಗಾಗಿ ಎಂಟು ನಿಯಮ ಪ್ರಕಟಿಸಿದರು. ಆಸ್ಪತ್ರೆ ಮುಟ್ಟಬೇಡಿ, ತಾನಾಗಿ ಹರಡೋ ಮಾಲ್‌ವೇರ್ ಬಿಡಬೇಡಿ ಅಂತೆಲ್ಲ ಇದೆ. ಎಂಟನೆಯದು ಎಲ್ಲಕ್ಕಿಂತ ಕಷ್ಟದ್ದು. ಶತ್ರು ಪಾಲಿಸದಿದ್ದರೂ ನೀವು ಪಾಲಿಸಿ ಅಂತ. ಚಪ್ಪಾಳೆ ಬೀಳದ ಮಾತು ಅದು. ಆದರೆ ನಿಯಮ ಅಂದ್ರೆ ಅದೇ ಅಲ್ವಾ?

ನಿನ್ನ ಕೈಯಲ್ಲಿ ವಿದ್ಯೆ ಇದ್ದರೆ ಅದಕ್ಕೆ ಕೆಲಸ ಬೇಕಾದಷ್ಟಿದೆ. ಸರ್ಟ್-ಇನ್ ಇದೆ, ಮುಖ್ಯ ಮೂಲಸೌಕರ್ಯ ಕಾಯೋಕೆ ಅಂತಲೇ ರಾಷ್ಟ್ರೀಯ ಕೇಂದ್ರ ಇದೆ, ಸೇನೆಯ ಡಿಫೆನ್ಸ್ ಸೈಬರ್ ಏಜೆನ್ಸಿ ಇದೆ. ಬಾಗಿಲು ಒಡೆಯೋನಿಗಿಂತ ಬೀಗ ಸರಿ ಮಾಡೋನು ನಮಗೆ ಬೇಕು.

ಸರ್ಕಾರಗಳಿಗೂ ಒಂದು ಮಾತು. ಇದು ಆಗದ ಕೆಲಸ ಅಲ್ಲ. ಭಾರತ–ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಂದು ಒಪ್ಪಂದ ಮಾಡಿಕೊಂಡವು, ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಅಂತ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ಆಯಿತು, ಮುಂಬೈ ದಾಳಿ ಆಯಿತು, ಪುಲ್ವಾಮಾ ಆಯಿತು, ಪಟ್ಟಿ ಕೊಡೋದು ನಿಲ್ಲಲಿಲ್ಲ. ನಮ್ಮ ಕೈಗಾದಂಥ ಸ್ಥಾವರಗಳಿಗೆ ಇರುವ ಆ ರಕ್ಷೆಯನ್ನು ಸೈಬರ್ ಲೋಕಕ್ಕೂ, ಆಸ್ಪತ್ರೆಗೂ, ವಿದ್ಯುತ್ ಜಾಲಕ್ಕೂ ಯಾಕೆ ಬೆಳೆಸಬಾರದು? 2015ರಲ್ಲಿ ವಿಶ್ವಸಂಸ್ಥೆಯ ತಜ್ಞರ ಗುಂಪು 11 ಸೂತ್ರಗಳನ್ನು ಒಪ್ಪಿತ್ತು, ಇನ್ನೊಂದು ದೇಶದ ಜನರ ಜೀವನಾಡಿ ಸೇವೆಗಳನ್ನು ಕೆಡಿಸಬಾರದು ಅನ್ನೋದು ಅದರಲ್ಲೊಂದು. ಅದು ಕಾಗದದಲ್ಲಿದೆ. ನಂಬಿಕೆ ಇಲ್ಲದ ಎರಡು ದೇಶಗಳೂ ಒಂದು ಪಟ್ಟಿಯನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕಾಪಾಡಿಕೊಂಡು ಬಂದಿವೆ ಅಂದಮೇಲೆ, ಇನ್ನೊಂದು ಪಟ್ಟಿ ಅಸಾಧ್ಯ ಅಂತ ನಾನು ಒಪ್ಪಲ್ಲ.

ಮುಂದಿನ ಸಲ ಕರೆಂಟ್ ಹೋದಾಗ, ಯಾರೋ ವಾಟ್ಸ್‌ಆ್ಯಪ್‌ನಲ್ಲಿ "ಸೈಬರ್ ದಾಳಿ ಅಂತೆ" ಅಂತ ಕಳಿಸಿದಾಗ, ಫಾರ್ವರ್ಡ್ ಮಾಡೋ ಮೊದಲು ಒಂದು ನಿಮಿಷ ನಿಲ್ಲಿ. ನಾನೂ ಸ್ಟುಡಿಯೋದಲ್ಲಿ ನಿಲ್ತೀನಿ.